ಮನೇಲಿ ಕೂತು ಸೇವೆ ಮಾಡಿದ್ರೆ ಎನ್‌ಜಿಒ ಕೆಲಸ ಕಲಿಯೋಕೆ ಆಗುತ್ತಾ?

"ಮೇಡಂ, ಲ್ಯಾಪ್‌ಟಾಪ್ ಮುಂದೆ ಕೂತು ಮಾಡೋದು ಸೇವೆ ಹೇಗಾಗುತ್ತೆ? ನಾಳೆ ಎನ್‌ಜಿಒ ಸೇರಿದರೆ ಅದು ಉಪಯೋಗಕ್ಕೆ ಬರುತ್ತಾ?" ನಮ್ಮ ಸಂಸ್ಥೆಗೆ ಆನ್‌ಲೈನ್‌ನಲ್ಲಿ ಕೆಲಸ ಮಾಡಿಕೊಡುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ ಕೇಳುತ್ತಾರೆ.

ಬರುತ್ತದೆ. ಆದರೆ ಕೊಡುವ ಕೆಲಸ ನಿಜವಾದದ್ದಾಗಿರಬೇಕು.

ಸೇವೆ ಅಂದ ಕೂಡಲೇ ನಮಗೆ ನೆನಪಾಗುವುದು ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್. 1969ರಿಂದ ನಡೆದುಬಂದಿದೆ, ವರ್ಷಕ್ಕೆ 120 ಗಂಟೆ ಕೆಲಸ, ಜೊತೆಗೆ ಏಳು ದಿನದ ಕ್ಯಾಂಪ್. ನಾನೂ ಹೋಗಿದ್ದೆ, ಅದರ ಮೇಲೆ ನನಗೆ ಇವತ್ತಿಗೂ ಪ್ರೀತಿ. ಆದರೆ ಸಂಸ್ಥೆಯೊಂದು ತಿಂಗಳ ಕೊನೆಗೆ ಸಂಬಳ ಹೇಗೆ ಹೊಂದಿಸುತ್ತದೆ, ದಾನಿಗಳಿಗೆ ಲೆಕ್ಕ ಹೇಗೆ ಒಪ್ಪಿಸುತ್ತದೆ ಅನ್ನೋದು ಅಲ್ಲಿ ಕಾಣುವುದಿಲ್ಲ. ಅದು ನಡೆಯುವುದು ಆಫೀಸಿನಲ್ಲಿ, ಈಗ ಬಹುಪಾಲು ಕಂಪ್ಯೂಟರಿನಲ್ಲೇ.

2023ರಲ್ಲಿ ನಮ್ಮಲ್ಲಿ ಆದದ್ದು ಹೇಳುತ್ತೇನೆ. 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ) ಇರುವ ಸಂಸ್ಥೆಗಳು ವರ್ಷದ ದೇಣಿಗೆಯ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಿತ್ತು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಮತ್ತೆ ಆ ವಿವರದಲ್ಲಿ ದಾನಿಯ ಹೆಸರು ಬಾರದಿದ್ದರೆ ಅವರಿಗೆ ತೆರಿಗೆ ವಿನಾಯಿತಿಯೂ ಸಿಗುತ್ತಿರಲಿಲ್ಲ. ನಮ್ಮ ದಾನಿಗಳ ಪಟ್ಟಿಯೋ ಮೂರು ಎಕ್ಸೆಲ್ ಫೈಲುಗಳಲ್ಲಿ ಹರಡಿಕೊಂಡಿತ್ತು. ಅದನ್ನು ಒಂದು ಮಾಡುವ ಕೆಲಸವನ್ನು ಇಬ್ಬರು ವಿದ್ಯಾರ್ಥಿನಿಯರಿಗೆ ಕೊಟ್ಟೆವು. ಪ್ಯಾನ್ ನಂಬರ್ ಅವರಿಗೆ ತೋರಿಸಲಿಲ್ಲ, ಇದೆ ಅಥವಾ ಇಲ್ಲ ಅಂತ ಒಂದು ಕಾಲಂ ಮಾತ್ರ. (ಬೇರೆಯವರ ಮಾಹಿತಿಯನ್ನು ಹೇಗೆ ಕಾಪಾಡಬೇಕು ಅನ್ನೋದನ್ನೂ ಕಲಿಯಬೇಕಲ್ವಾ?)

ಪಟ್ಟಿಯಲ್ಲಿ ಪ್ಯಾನ್ ಇಲ್ಲದ ದಾನಿಗಳಿಗೆ, ಅದನ್ನು ಕೇಳಿ ಕಾಗದ ಬರೆಯಿರಿ ಅಂದೆ. ಮೊದಲು ಬರೆದದ್ದು ಬ್ಯಾಂಕಿನ ನೋಟಿಸಿನ ಹಾಗಿತ್ತು. ವಾಪಸ್ ಕಳಿಸಿದೆ. ನಾಲ್ಕನೇ ಸಲ, ನೀವು ಕೊಟ್ಟ ದುಡ್ಡಿನಿಂದ ಸಂಜೆ ಪಾಠಶಾಲೆ ನಡೆಯುತ್ತಿದೆ, ನಿಮಗೆ ಸಿಗಬೇಕಾದ ವಿನಾಯಿತಿ ತಪ್ಪಬಾರದು ಅಂತ ಈ ಕಾಗದ, ಅಂತ ಶುರು ಮಾಡಿದ್ದರು. ಅದನ್ನು ಓದಿ ನನಗೆ ತುಂಬಾ ಖುಷಿಯಾಯಿತು. ದಾನಿಗಳ ಜೊತೆ ಮಾತಾಡುವುದನ್ನು ಅವರು ಕಲಿತಿದ್ದರು.

ಕಂಪ್ಯೂಟರ್ ಕಲಿಸದೇ ಇರುವುದೂ ಇದೆ. ಮಗುವನ್ನು ಶಾಲೆ ಬಿಡಿಸಿದ ತಾಯಿಯ ಎದುರು ಸುಮ್ನೆ ಕೂತು ಕೇಳಿಸಿಕೊಳ್ಳುವುದಕ್ಕೆ ಅವರ ಮನೆಗೇ ಹೋಗಬೇಕು. ಅದಕ್ಕೇ ಫೀಲ್ಡ್‌ವರ್ಕ್ ಬಿಡಬೇಡಿ ಅಂತ ಹೇಳುತ್ತೇನೆ.

ಸೇರುವ ಮುಂಚೆ ಎರಡು ವಿಷಯ ಕೇಳಿ. ನಾನು ಮಾಡಿದ್ದನ್ನು ಓದಿ ತಿದ್ದುವವರು ಯಾರು? ಅದನ್ನು ಬಳಸುವವರು ಯಾರು? ಎರಡಕ್ಕೂ ಒಬ್ಬರ ಹೆಸರು ಹೇಳಲು ಆಗದಿದ್ದರೆ ಬೇರೆ ಸಂಸ್ಥೆ ನೋಡಿ.