ಉಳಿದುಹೋದ 23 ಬಾಟಲಿ

12 ಜನವರಿ 2025, ಭಾನುವಾರ, ರಾತ್ರಿ

ಅಂತೂ ಸೈಲೆಂಟ್ ಹಿಲ್ 2 ಇವತ್ತು ಮುಗಿಯಿತು. 2001ರ ವಿಡಿಯೋ ಗೇಮ್, ಕಥೆ ಬಿಟ್ಟುಕೊಟ್ಟೆ ಎಂದು ಯಾರೂ ಈಗ ಜಗಳಕ್ಕೆ ಬರಬಾರದು. ಚಿಕ್ಕಪ್ಪನ ಮಗ ಹಾಸ್ಟೆಲಿಗೆ ಹೋಗುವಾಗ ನಮ್ಮಲ್ಲಿ ಬಿಟ್ಟುಹೋದ ಹಳೆಯ ಪ್ಲೇಸ್ಟೇಷನ್ 2 ಇದ್ದುದರಿಂದ ಇಷ್ಟಾದರೂ ಆಡಿದೆ.

ಜೇಮ್ಸ್ ಸಂಡರ್‌ಲ್ಯಾಂಡ್‌ಗೆ ಹೆಂಡತಿ ಮೇರಿಯಿಂದ ಕಾಗದ ಬರುತ್ತದೆ: ಸೈಲೆಂಟ್ ಹಿಲ್‌ನಲ್ಲಿ ಕಾಯುತ್ತಿದ್ದೇನೆ ಎಂದು. ಮೇರಿ ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷವಾಯಿತು ಎಂದು ಅವನೇ ಹೇಳುತ್ತಾನೆ. ಮಂಜು ಕವಿದ ಆ ಊರಿನಲ್ಲಿ ತಲೆಗೆ ಕಬ್ಬಿಣದ ಪಿರಮಿಡ್ ಹೊತ್ತವನು ಕತ್ತಿ ಎಳೆದುಕೊಂಡು ಓಡಾಡುತ್ತಾನೆ. ಹೆದರಿಕೆಯ ಆಟವೆಂದರೆ ಇಷ್ಟೇ ತಾನೇ ಎಂದುಕೊಂಡಿದ್ದೆ.

ಆಟದ ಒಳಗುಟ್ಟಿಗೆ ಕೀಲಿಕೈ ಕೊಟ್ಟದ್ದು ಅಮ್ಮ. ಕೆಳಗೆ ಕುಳಿತು ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುತ್ತಿದ್ದವಳು ತಲೆಯೆತ್ತಿ, "ಅಷ್ಟು ಸಣ್ಣ ಮಗು ಅಲ್ಲಿ ಒಂದೇ ಹೇಗೆ ಓಡಾಡುತ್ತಿದೆ? ಅದಕ್ಕೆ ಹೆದರಿಕೆ ಇಲ್ಲವೇ?" ಎಂದು ಕೇಳಿದಳು. ಲಾರಾ ಎಂಬ ಹುಡುಗಿಯ ಬಗ್ಗೆ. ಹೌದಲ್ಲ! ಲಾರಾಳ ಕಣ್ಣಿಗೆ ಅಲ್ಲಿ ಪಿಶಾಚಿಯೂ ಇಲ್ಲ, ರಕ್ತವೂ ಇಲ್ಲ. ಬರೀ ಖಾಲಿ ಊರು. ಜೇಮ್ಸ್‌ಗೆ ಅಲ್ಲಿ ಎದುರಾಗುವ ಇನ್ನೊಬ್ಬಳು, ತಂದೆಯ ಕೈಯಲ್ಲಿ ನರಕ ಕಂಡ ಏಂಜೆಲಾ. ಅವಳಿಗೆ ಅದೇ ಊರು ಸದಾ ಬೆಂಕಿ. ಒಂದು ಮೆಟ್ಟಿಲ ಸಾಲು ಧಗಧಗ ಉರಿಯುವಾಗ, ನನಗೆ ಯಾವಾಗಲೂ ಹೀಗೆಯೇ ಎಂದು ಅವಳು ಹೇಳಿ ಹತ್ತಿಹೋಗುತ್ತಾಳೆ.

ಜೇಮ್ಸ್‌ನ ಸುಳ್ಳು ಬಿಚ್ಚಿಕೊಳ್ಳಲು ಆರಂಭವಾಗುವುದೂ ಲಾರಾಳಿಂದಲೇ. ಮೇರಿ ಅವಳಿಗೆ ಬರೆದಿಟ್ಟ ಕಾಗದದಲ್ಲಿ ಎಂಟನೆಯ ಹುಟ್ಟುಹಬ್ಬದ ಹಾರೈಕೆ ಇದೆ. ಲಾರಾಗೆ ಎಂಟು ತುಂಬಿದ್ದು ಕಳೆದ ವಾರ. ಹಾಗಾದರೆ ಮೂರು ವರ್ಷದ ಮಾತು ಎಲ್ಲಿಂದ ಬಂತು? ಹೋಟೆಲಿನ 312ನೇ ಕೋಣೆಯ ವಿಡಿಯೋ ಟೇಪು ಅದಕ್ಕೆ ಉತ್ತರ: ಹಾಸಿಗೆ ಹಿಡಿದಿದ್ದ ಮೇರಿಯ ಮುಖಕ್ಕೆ ದಿಂಬು ಒತ್ತಿದ್ದು ಜೇಮ್ಸ್. ಜೇಮ್ಸ್‌ಗೆ ಬಂದು ಸಂಚಿಯಲ್ಲಿದ್ದ ಮೇರಿಯ ಕಾಗದವನ್ನು ನಡುನಡುವೆ ತೆಗೆದು ನೋಡಿದ್ದರೆ ನನಗೆ ಮೊದಲೇ ಅನುಮಾನ ಬರುತ್ತಿತ್ತು. ಅದರ ಅಕ್ಷರಗಳು ಮಾಸುತ್ತ ಮಾಸುತ್ತ ಕೊನೆಗೆ ಬಿಳಿ ಹಾಳೆ ಉಳಿಯುತ್ತದೆ, ಆಮೇಲೆ ಅದೂ ಇರುವುದಿಲ್ಲ.

ಈ ಆಟಕ್ಕೆ ಹಲವು ಮುಕ್ತಾಯಗಳಿವೆ. ನನಗೆ ಸಿಕ್ಕಿದ್ದು 'ನೀರಿನಲ್ಲಿ'. ಜೇಮ್ಸ್‌ನ ಕಾರು ಸರೋವರಕ್ಕೆ ಇಳಿಯುವುದು ಕಾಣುವುದಿಲ್ಲ, ಕೇಳುತ್ತದೆ. ಆಮೇಲೆ ಮೇರಿಯ ಧ್ವನಿಯಲ್ಲಿ ಪೂರ್ತಿ ಕಾಗದ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ತಮ್ಮನಿಗೆ ಫೋನ್ ಮಾಡಿದೆ. ಅವನ ಜೇಮ್ಸ್ ಲಾರಾಳ ಜೊತೆ ಊರು ಬಿಟ್ಟು ನಡೆದುಹೋಗಿದ್ದನಂತೆ.

"ಅಕ್ಕ, ಏಂಜೆಲಾ ಕೊಟ್ಟ ಚಾಕುವನ್ನು ಎಷ್ಟು ಸಲ ನೋಡಿದೆ?"

ಲೆಕ್ಕವಿಲ್ಲ. ಎಲ್ಲಾದರೂ ಉಪಯೋಗಕ್ಕೆ ಬಂದೀತು ಎಂದು ತೆಗೆತೆಗೆದು ನೋಡಿದ್ದೆ. ಅದು ಯಾವುದಕ್ಕೂ ಬಾರದು.

"ಗಾಯವಾದರೆ ಹೆಲ್ತ್ ಡ್ರಿಂಕ್ ಕುಡಿಸುತ್ತಿದ್ದೆಯಾ?"

ಇಲ್ಲ, ಉಳಿಸುತ್ತಿದ್ದೆ. ಜೇಮ್ಸ್‌ನ ಚಿತ್ರ ಕೆಂಪಾಗಿ ಕೈಯಲ್ಲಿ ಕಂಟ್ರೋಲರ್ ನಡುಗುತ್ತಿದ್ದರೂ ಮುಂದೆ ದೊಡ್ಡ ಆಪತ್ತು ಬಂದಾಗ ಬೇಕಾದೀತು ಎಂದು ಇಟ್ಟುಕೊಂಡೆ. ಮುಗಿದಾಗ 23 ಬಾಟಲಿ ಮಿಕ್ಕಿದ್ದವು. ಒಳ್ಳೆಯ ಸೀರೆಗಳನ್ನು ಬೀರುವಿನಲ್ಲಿಟ್ಟು ಮಾಸಿದ್ದನ್ನೇ ಉಡುವ ಅಮ್ಮನ ಮಗಳಲ್ಲವೇ ನಾನು.

ಆಟ ಇದನ್ನೆಲ್ಲ ಎಣಿಸುತ್ತಿತ್ತಂತೆ. ಎಷ್ಟೋ ಆಟಗಳಲ್ಲಿ ಕೊನೆಗೆ ಎರಡು ಬಾಗಿಲಿಟ್ಟು ಯಾವುದು ಬೇಕು ಎನ್ನುತ್ತಾರೆ. ಇಲ್ಲಿ ಕೇಳುವುದೇ ಇಲ್ಲ. ಚಾಕುವನ್ನು ದಿಟ್ಟಿಸುವವನು, ಗಾಯಕ್ಕೆ ಮದ್ದು ಮಾಡಿಕೊಳ್ಳದವನು ಬದುಕಲು ಬಯಸುವವನಲ್ಲ ಎಂದು ಅದೇ ತೀರ್ಮಾನಿಸಿತು. ನನ್ನ ಜಿಪುಣತನಕ್ಕೆ ಜೇಮ್ಸ್ ಮುಳುಗಿದ! ಇದು ಅನ್ಯಾಯ ಎಂದು ತಮ್ಮನ ಮೇಲೆ ರೇಗಿದೆ. ನಾಯಿಯೊಂದು ಯಂತ್ರದ ಮುಂದೆ ಕುಳಿತು ಇಡೀ ಊರನ್ನು ಆಡಿಸುತ್ತಿದ್ದ ತಮಾಷೆಯ ಮುಕ್ತಾಯವೂ ಇದೆ ಎಂದು ಸಮಾಧಾನ ಹೇಳಿದ.

ಆದರೆ ಫೋನ್ ಇಟ್ಟ ಮೇಲೆ ಯೋಚಿಸಿದೆ. ಜೇಬಿನ ತುಂಬ ಔಷಧಿ ಇಟ್ಟುಕೊಂಡು ರಕ್ತ ಸುರಿಸುತ್ತ ನಡೆಯುವವನನ್ನು ಪಕ್ಕದಲ್ಲಿ ನಿಂತವರು ನೋಡಿದರೆ ಏನೆಂದುಕೊಂಡಾರು? ಉಳಿತಾಯ ಎಂದಂತೂ ಅಲ್ಲ.

ಊಟವಾದ ಮೇಲೆ ಮೊದಲಿನಿಂದ ಶುರುಮಾಡಿದ್ದೇನೆ. ಮೊದಲ ಪೆಟ್ಟು ಬಿದ್ದ ಕೂಡಲೇ ಒಂದು ಬಾಟಲಿ ಕುಡಿಸಿದೆ. ಹೊಟ್ಟೆ ಚುರುಕ್ ಎಂದಿತು.