ಪಿಯಾನೋ ಇಲ್ಲದ ನಾಲ್ವರು

ಇವತ್ತು ಮತ್ತೆ ಅಮೆರಿಕದ ಜಾಝ್ ಸಂಗೀತಗಾರ ಆರ್ನೆಟ್ ಕೋಲ್ಮನ್‌ನ ಕ್ವಾರ್ಟೆಟ್ (ನಾಲ್ವರ ತಂಡ) ನುಡಿಸಿದ ‘ದಿ ಶೇಪ್ ಆಫ್ ಜಾಝ್ ಟು ಕಮ್’ ಹಾಕಿಕೊಂಡು ಕೂತಿದ್ದೇನೆ. 1959ರ ಆಲ್ಬಮ್. ಕೋಲ್ಮನ್ ಕೈಯಲ್ಲಿ ಪ್ಲಾಸ್ಟಿಕ್ಕಿನ ಆಲ್ಟೋ ಸ್ಯಾಕ್ಸೋಫೋನ್, ಡಾನ್ ಚೆರ್ರಿಯದು ಟ್ರಂಪೆಟ್‌ನಂಥ ಕಾರ್ನೆಟ್, ದೊಡ್ಡ ತಂತಿವಾದ್ಯ ಬಾಸ್‌ಗೆ ಚಾರ್ಲಿ ಹೇಡನ್, ಡ್ರಮ್ಸ್‌ಗೆ ಬಿಲ್ಲಿ ಹಿಗ್ಗಿನ್ಸ್. ಪಿಯಾನೋ ಇಲ್ಲ. ಅದಿಲ್ಲದ್ದರಿಂದಲೇ ಇವರಿಗೆ ಉಸಿರಾಡಲು ಇಷ್ಟು ಜಾಗ ಸಿಕ್ಕಿತೇನೋ ಅನ್ನಿಸುತ್ತೆ. ಪಿಯಾನೋ ಒಟ್ಟಿಗೆ ನುಡಿಸುವ ಮುಂದಿನ ಸ್ವರಗುಚ್ಛ (ಕಾರ್ಡ್, chord) ಯಾವುದೆಂದು ಕಾಯುವ ಹಂಗಿಲ್ಲ, ಪಕ್ಕದವನು ಈಗ ಏನು ನುಡಿಸಿದ ಅನ್ನುವುದಕ್ಕೆ ಮಾತ್ರ ಕಿವಿಗೊಡಬೇಕು. ಅದೇನು ಸಣ್ಣ ಕೆಲಸವಲ್ಲ!

ಆಲ್ಬಮ್‌ನ ಮೊದಲ ರಚನೆ ‘ಲೋನ್ಲಿ ವುಮನ್’ ಶುರುವಾಗುವುದನ್ನೇ ಕೇಳಿ. ಹಿಗ್ಗಿನ್ಸ್ ಡ್ರಮ್ಸ್‌ನ ಲೋಹದ ತಟ್ಟೆ ಸಿಂಬಲ್ ಮೇಲೆ ಓಡುತ್ತಿದ್ದಾನೆ. ಹೇಡನ್ ಶ್ರುತಿ ಹಿಡಿದವನ ಹಾಗೆ ನಿಧಾನವಾಗಿ ತಂತಿ ಮೀಟುತ್ತಾನೆ. ಅವೆರಡರ ಮೇಲೆ ಸ್ಯಾಕ್ಸೋಫೋನ್, ಕಾರ್ನೆಟ್ ತಮ್ಮದೇ ಗತಿಯಲ್ಲಿ ಬಿಕ್ಕುತ್ತಾ ಬರುತ್ತವೆ. ಯಾರ ಓಟ ಯಾರಿಗೂ ಹೊಂದುವುದಿಲ್ಲ, ಆದರೂ ಒಬ್ಬರು ಇನ್ನೊಬ್ಬರ ಕೈಬಿಡುವುದಿಲ್ಲ. ಇಷ್ಟು ಹತ್ತಿರದ ಒಡನಾಟವನ್ನು ಒಂದೇ ತಾಳಕ್ಕೆ ಬಿಗಿದ ಸಂಗೀತದಲ್ಲೂ ನಾನು ಅಪರೂಪಕ್ಕೆ ಕೇಳಿದ್ದೇನೆ.

ಮರುವರ್ಷ ಡಿಸೆಂಬರ್‌ನಲ್ಲಿ ಕೋಲ್ಮನ್ ಎರಡು ಕ್ವಾರ್ಟೆಟ್‌ಗಳನ್ನು ಒಟ್ಟಿಗೆ ನಿಲ್ಲಿಸಿ ‘ಫ್ರೀ ಜಾಝ್’ ಧ್ವನಿಮುದ್ರಿಸಿದ. ಎಡಗಿವಿಗೆ ಒಂದು ತಂಡ, ಬಲಗಿವಿಗೆ ಇನ್ನೊಂದು, ಸುಮಾರು 37 ನಿಮಿಷ. ರಾತ್ರಿ ಹೆಡ್‌ಫೋನ್ ಹಾಕಿ ಅದನ್ನೇ ಕೇಳಬೇಕು. ನೀವೂ ಕೇಳಿ, ಜೋರಾಗಿ.