ಜೋ ಹೆಂಡರ್ಸನ್ ಕೇಳುವ ಕೆಲಸ: ಪಟ್ಟಿ ಎಲ್ಲಿಗೆ ಬಂತು

ಟೆನರ್ ಸ್ಯಾಕ್ಸೊಫೋನಿನ ಜಾಝ್ ವಾದಕ ಜೋ ಹೆಂಡರ್ಸನ್ 1963ರಿಂದ 1967ರವರೆಗೆ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಗೆ ನುಡಿಸಿದ್ದನ್ನು ಧ್ವನಿಮುದ್ರಣದ ತಾರೀಖು ಹಿಡಿದು ಕೇಳುತ್ತಾ ಬರುತ್ತಿದ್ದೇನೆ. ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆದಿದ್ದೇನೆ. ಎಡಗಡೆ ಅವನೇ ಲೀಡರ್ ಆಗಿರುವ ರೆಕಾರ್ಡ್‌ಗಳು, ಬಲಗಡೆ ಬೇರೆಯವರ ಹೆಸರಲ್ಲಿ ಬಂದು ಅವನು ಸೈಡ್‌ಮನ್, ಅಂದರೆ ಜೊತೆವಾದಕ, ಆಗಿರುವವು. ಬಿಡುಗಡೆಯ ವರ್ಷ ನೋಡಿದರೆ ಎಲ್ಲ ಹಿಂದುಮುಂದಾಗುತ್ತದೆ, ಅದಕ್ಕೇ ತಾರೀಖು.

1963ರ ಏಪ್ರಿಲ್ 1, ಬಲಗಡೆ: ಟ್ರಂಪೆಟ್ ವಾದಕ ಕೆನ್ನಿ ಡಾರ್ಹಮ್‌ನ 'ಉನಾ ಮಾಸ್'. ಪಿಯಾನೋಗೆ ಹರ್ಬಿ ಹ್ಯಾನ್‌ಕಾಕ್, ಡ್ರಮ್ಸ್‌ಗೆ ಹದಿನೇಳರ ಹುಡುಗ ಟೋನಿ ವಿಲಿಯಮ್ಸ್. ಜೂನ್ 3, ಎಡಗಡೆ: ಹೆಂಡರ್ಸನ್‌ನ ಚೊಚ್ಚಲ ರೆಕಾರ್ಡ್ 'ಪೇಜ್ ಒನ್'. ಟ್ರಂಪೆಟ್ ಮತ್ತೆ ಡಾರ್ಹಮ್‌ನದೇ, ಬೇಸ್ ಮತ್ತೆ ಬುಚ್ ವಾರನ್. ಎರಡೇ ತಿಂಗಳಲ್ಲಿ ಲೀಡರ್ ಪಕ್ಕಕ್ಕೆ ಸರಿದ, ಪಕ್ಕದಲ್ಲಿದ್ದವನು ಲೀಡರ್ ಆದ. ಇವೆರಡನ್ನೂ ಬೆನ್ನುಬೆನ್ನಿಗೆ ಕೇಳಿದ್ದೇ ಈವರೆಗಿನ ದೊಡ್ಡ ಲಾಭ.

ಡಾರ್ಹಮ್ ಹುಟ್ಟಿದ್ದು 1924ರಲ್ಲಿ, ಹೆಂಡರ್ಸನ್‌ಗಿಂತ ಹದಿಮೂರು ವರ್ಷ ಹಿರಿಯ, ಜಾಝ್ ದಿಗ್ಗಜ ಚಾರ್ಲಿ ಪಾರ್ಕರ್ ಜೊತೆ ನುಡಿಸಿದವನು. ಅಂಥವನು ಹೊಸ ಹುಡುಗನ ಮೊದಲ ರೆಕಾರ್ಡಿಗೆ 'ಬ್ಲೂ ಬೊಸ್ಸಾ', 'ಲಾ ಮೆಶಾ' ಎಂಬ ತನ್ನ ಎರಡು ರಚನೆಗಳನ್ನು ಕೊಟ್ಟ. ಹದಿನಾರು ಬಾರ್‌ಗಳ (ತಾಳದ ಆವರ್ತಗಳ) 'ಬ್ಲೂ ಬೊಸ್ಸಾ' ಇವತ್ತು ಜಾಝ್ ಕಲಿಯುವ ಪ್ರತಿಯೊಬ್ಬರ ಕೈಗೂ ಬರುವ ಟ್ಯೂನ್. ಡಾರ್ಹಮ್ ಅದನ್ನು ತನ್ನ ಮುಂದಿನ ರೆಕಾರ್ಡಿಗೆ ಎತ್ತಿಟ್ಟುಕೊಳ್ಳಬಹುದಿತ್ತು. ಈ ಧಾರಾಳತನ ಡಾರ್ಹಮ್‌ನ ನುಡಿಸುವಿಕೆಯಲ್ಲೂ ಇದೆ. ಟ್ಯೂನ್ ಸಿ ಮೈನರ್ ಎಂಬ ಕೀಯಿಂದ (ಸ್ವರನೆಲೆಯಿಂದ) ಡಿ ಫ್ಲ್ಯಾಟ್ ಮೇಜರ್‌ಗೆ ಹೊರಳುವ ಜಾಗದಲ್ಲಿ ಅವನಿಗೆ ಅವಸರವೇ ಇಲ್ಲ, ಸ್ವರಗಳ ಮಧ್ಯೆ ಜಾಗ ಬಿಡುತ್ತಾನೆ. ಡಾರ್ಹಮ್‌ನನ್ನು ಅವನ ಹೆಸರಿನ ರೆಕಾರ್ಡ್‌ಗಳಿಂದ ಮಾತ್ರ ಅಳೆಯುವವರಿಗೆ ಅವನು ಅರ್ಧವೇ ಸಿಗುತ್ತಾನೆ ಅನ್ನುವುದು ನನಗೀಗ ಖಾತ್ರಿ.

(ಪಿಯಾನೋದ ಮೆಕಾಯ್ ಟೈನರ್‌ಗೆ ಆಗ ಇಂಪಲ್ಸ್ ಕಂಪನಿಯ ಕರಾರಿತ್ತು. ಹಾಗಾಗಿ 'ಪೇಜ್ ಒನ್' ಮುಖಪುಟದಲ್ಲಿ ಅವನ ಹೆಸರಿಲ್ಲ, 'ಇತ್ಯಾದಿ' ಅಂತಷ್ಟೇ ಇದೆ. ಆ ಪಿಯಾನೋ ಕೇಳಿದ ಮೇಲೆ ಮುಖಪುಟ ನೋಡಿದರೆ ಸಂಕಟವಾಗುತ್ತದೆ.)

ಬಲಗಡೆಯ ಕಾಲಂ ಬೇಗ ತುಂಬುತ್ತಿದೆ. 1963ರ ನವೆಂಬರಿನಲ್ಲಿ ಗಿಟಾರ್ ವಾದಕ ಗ್ರಾಂಟ್ ಗ್ರೀನ್‌ನ 'ಐಡಲ್ ಮೊಮೆಂಟ್ಸ್'. ಒಂದು ಸುತ್ತು ಅಂದರೆ ಹದಿನಾರು ಬಾರೋ ಮೂವತ್ತೆರಡೋ ಎಂಬ ಗೊಂದಲದಲ್ಲಿ ರೆಕಾರ್ಡಿನ ಹೆಸರಿನದೇ ಟ್ಯೂನ್ ಹದಿನೈದು ನಿಮಿಷದ ಹತ್ತಿರ ಹೋಯಿತು. ಅದರ ಗುಂಗು ಕೆಡಿಸಬಾರದೆಂದು ಅದನ್ನೇ ಉಳಿಸಿಕೊಂಡು, ಬೇರೆ ಎರಡು ಟ್ಯೂನ್‌ಗಳನ್ನು ಇನ್ನೊಂದು ದಿನ ಚಿಕ್ಕದಾಗಿ ನುಡಿಸಿ ಎಲ್‌ಪಿಯಲ್ಲಿ ಹಿಡಿಸಿದರು. ಹೆಂಡರ್ಸನ್ ಇಲ್ಲಿ ಉಸಿರು ಕೇಳಿಸುವಷ್ಟು ಮೆತ್ತಗೆ ಬರುತ್ತಾನೆ. ಡಿಸೆಂಬರಿನಲ್ಲಿ ಟ್ರಂಪೆಟ್ ವಾದಕ ಲೀ ಮಾರ್ಗನ್‌ನ 'ದಿ ಸೈಡ್‌ವೈಂಡರ್', ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. 1964ರ ಅಕ್ಟೋಬರಿನಲ್ಲಿ ಪಿಯಾನೋ ವಾದಕ ಹೊರೇಸ್ ಸಿಲ್ವರ್‌ನ 'ಸಾಂಗ್ ಫಾರ್ ಮೈ ಫಾದರ್'. ಹೆಸರಿನ ಟ್ಯೂನಿನಲ್ಲಿ ಪಿಯಾನೋ ಮತ್ತು ಟೆನರ್ ಇಬ್ಬರದೇ ಸೋಲೋ (ಒಬ್ಬರೇ ಮುಂದಾಗಿ ನುಡಿಸುವ ಭಾಗ), ಟ್ರಂಪೆಟ್‌ನ ಕಾರ್ಮೆಲ್ ಜೋನ್ಸ್‌ಗೆ ಸೋಲೋ ಇಲ್ಲ. ಹೆಂಡರ್ಸನ್ ಸಣ್ಣ ಸಣ್ಣ ತುಂಡುಗಳಿಂದ ಶುರುಮಾಡಿ ಕಿರುಚುವವರೆಗೂ ಏರುತ್ತಾನೆ, ಸಿಲ್ವರ್ ಕೆಳಗಿನಿಂದ ಅವನನ್ನು ತಳ್ಳುತ್ತಲೇ ಇರುತ್ತಾನೆ. ಈ ಬಾರಿ ಸೋಲೋ ಬಿಟ್ಟು ಬರೀ ಪಿಯಾನೋ ಹಿಂಬಾಲಿಸಿ ಕೇಳಿದೆ. ಲೀಡರ್ ಅನ್ನಿಸಿಕೊಂಡವನು ಅಲ್ಲಿ ಸೈಡ್‌ಮನ್ ಕೆಲಸ ಮಾಡುತ್ತಿದ್ದಾನೆ.

ಸದ್ಯ 1964ರ ಕೊನೆಯಲ್ಲಿ ನಿಂತಿದ್ದೇನೆ. ನವೆಂಬರ್ 30ಕ್ಕೆ ಹೆಂಡರ್ಸನ್‌ನ 'ಇನ್ನರ್ ಅರ್ಜ್', ಪಿಯಾನೋ ಟೈನರ್, ಡ್ರಮ್ಸ್ ಎಲ್ವಿನ್ ಜೋನ್ಸ್. ಡಿಸೆಂಬರ್ 9ಕ್ಕೆ ಅದೇ ಎಲ್ವಿನ್, ಅದೇ ಟೈನರ್, ನ್ಯೂಜೆರ್ಸಿಯ ಅದೇ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಂ'. ಡಿಸೆಂಬರ್ 24ಕ್ಕೆ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್‌ನ 'ಸ್ಪೀಕ್ ನೋ ಈವಿಲ್', ಮತ್ತೆ ಎಲ್ವಿನ್. ತಿಂಗಳೊಪ್ಪತ್ತಿನಲ್ಲಿ ಮೂರು ಲೀಡರ್‌ಗಳಿಗೆ ಮೂರು ಬಗೆಯಲ್ಲಿ ಒದಗಿದ ಒಬ್ಬ ಡ್ರಮ್ಮರ್! ಶಾರ್ಟರ್ ಜೊತೆ ಅವನ ಹಿಡಿತ ಎಷ್ಟು ಸಡಿಲವಾಗುತ್ತದೆ ಎಂದು ಇನ್ನೂ ಗುರುತು ಹಾಕಿಕೊಳ್ಳುತ್ತಿದ್ದೇನೆ. ಎಲ್ವಿನ್‌ಗೇ ಒಂದು ಪುಟ ತೆಗೆದಿಟ್ಟೆ.

ಮುಂದೆ 1966ರ 'ಮೋಡ್ ಫಾರ್ ಜೋ', ಆಮೇಲೆ 1967ರ 'ದಿ ರಿಯಲ್ ಮೆಕಾಯ್'. ಅದರಲ್ಲಿ ಟೈನರ್ ಲೀಡರ್, ಹೆಂಡರ್ಸನ್ ಬಲಗಡೆಗೆ.